ಆರು ಖಾನೆ, ಒಂದು ಗುಂಡಿ

ಹಳೆಯದನ್ನು ಬರೆದವಳೂ ನಾನೇ.
ವಾಲ್ಪರೈಸೊದ ಗುಡ್ಡದ ಮೇಲಿನ ಬಾಡಿಗೆ ಕೋಣೆಯಲ್ಲಿ
ಹನ್ನೆರಡು ವರ್ಷದ ಕೆಳಗೆ, ಒಂದೇ ಮಧ್ಯಾಹ್ನ:
ಬೂದು ಬಣ್ಣದ ಆರು ಖಾನೆ, ಅಡಿಗೊಂದು ಗುಂಡಿ.
ದೋಣಿ. ಮುಳುಗುವವನ ಹೆಸರು. ದಿನ. ಜಾಗ.
ಎರಿಸೊ ಎಷ್ಟು ಪೆಟ್ಟಿಗೆ. ಷರಾ.
ಎರಿಸೊ ಅಂದರೆ ಕಡಲ ತಳದ ಮುಳ್ಳುಚೆಂಡು,
ಒಡೆದರೆ ಒಳಗೆ ಐದು ನಾಲಗೆ, ಕಿತ್ತಳೆ ಬಣ್ಣ.
ನನ್ನ ಫಾರಮ್ಮಿಗೆ ಅಂಥ ಬಣ್ಣವೇನೂ ಇರಲಿಲ್ಲ.
ಮದುವೆಗೆ ಕರೆಯದ ಮುಖ ಅದರದು.

ಎರಡು ಬಸ್ಸು, ಒಂದು ರಾತ್ರಿಯ ಹಡಗು ದಾಟಿದರೆ
ಗ್ವೈತೆಕಾಸ್ ದ್ವೀಪದ ಕಟ್ಟೆ, ತಗಡಿನ ಗೂಡು,
ಎರಡೇ ಬೆರಳಲ್ಲಿ ಕುಟ್ಟುವ ರೊಸಾಲ್ಬಾ ನಾವೆಲ್ಕಿನ್.
ಒತ್ತುತ್ತಾಳೆ. ಪುಟ ಬಿಳಿಯಾಗುತ್ತದೆ.
ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿ
ಹಗ್ಗ ಸಡಿಲಾಗುತ್ತದಲ್ಲ, ಅಷ್ಟು ಹೊತ್ತು.
ಅಷ್ಟರಲ್ಲಿ ಅವಳು ಒಲೆಗೆ ಕಟ್ಟಿಗೆ ತುರುಕಿ
ಮಾತೆ ಸೊಪ್ಪಿಗೆ ನೀರಿಡುತ್ತಾಳೆ.
ಪುಟ ಮರಳುತ್ತದೆ: 'ತಲುಪಿತು.'

ಆಮೇಲೆ ಸಾಂತಿಯಾಗೊದಿಂದ ಹೊಸ ಅಧಿಕಾರಿ ಬಂದ,
'ಇದು ಯಾವ ಕಾಲದ್ದು?' ಅಂದ.
ಏಳು ಜನ, ಎಂಟು ತಿಂಗಳು.
ನಕ್ಷೆ ಬೆರಳಿಗಂಟಿ ಜಾರಿತು, ಖಾನೆಗಳು ತೆರೆದು ಮಡಚಿದವು,
ತಪ್ಪು ಬರೆಯುವ ಮೊದಲೇ ಅಂಚು ಕೆಂಪಾಯಿತು.
ಎಲ್ಲವೂ ಬ್ರೌಸರಿನೊಳಗೇ, ಸರ್ವರಿನ ಹಂಗಿಲ್ಲದೆ.
ನಮ್ಮ ಮೇಜಿನ ಮೇಲೆ ಕುಣಿದದ್ದೇ ಕುಣಿದದ್ದು.
ಕಟ್ಟೆಯ ಮೇಲೆ ಕುಣಿಯಲಿಲ್ಲ.
ನೆಲ ಡೊಂಕು ಅಂದೆವು ನಾವು.

ಫೋನಿನಲ್ಲಿ ರೊಸಾಲ್ಬಾ:
'ಚಕ್ರ ತಿರುಗ್ತಾ ಇದೆ, ಹುಡುಗೀ.
ಕಟ್ಟಿಗೆ ಹಾಕಿ ಬಂದೆ, ತಿರುಗ್ತಾ ಇದೆ.
ಎರಡು ದೋಣಿ ಇಳಿಸಿ ಹೊರಟೇ ಹೋದರು,
ತಿರುಗ್ತಾನೇ ಇದೆ.
ಬೆಣ್ಣೆ ಬರೋದು ಯಾವಾಗ?'

ಜೂನಿನ ಚಳಿಯಲ್ಲಿ ಹೊರಟೆ. ಒಳಗೊಳಗೇ ಖುಷಿ.
ಹಳೆಯದೇ ಸರಿ ಎಂಬ ವರದಿಯನ್ನು
ಹಡಗಿನಲ್ಲೇ ಅರ್ಧ ಬರೆದಿದ್ದೆ.

ಬಾಗಿಲಲ್ಲಿ ಎಲಿಸೆಯೊ ಚಿಗ್ವಾಯ್,
ರಬ್ಬರು ಅಂಗಿಯಿಂದ ಇನ್ನೂ ಕಡಲು ಸುರಿಯುತ್ತಿತ್ತು.
'ಹಳೆಯದನ್ನ ಹೊಗಳಬೇಡ' ಅಂದ.
ಮೂರು ವರ್ಷದ ಹಿಂದಿನ ಬಿರುಗಾಳಿ.
ರೊಸಾಲ್ಬಾ ಒತ್ತಿದ್ದಾಳೆ, ಪುಟ ಬಿಳಿ, ಬಿಳಿಯಾಗಿಯೇ ಉಳಿದಿದೆ.
ಮತ್ತೆ ಒತ್ತಿದ್ದಾಳೆ.
ನಲವತ್ತೆರಡು ಪೆಟ್ಟಿಗೆ ಎಂಬತ್ನಾಲ್ಕಾಗಿ
ಕಾಗದದ ಮೇಲೆ ಅವನ ಪಾಲು ಮುಗಿದುಹೋಗಿ
ದೋಣಿ ಹತ್ತೊಂಬತ್ತು ದಿನ ದಡದಲ್ಲಿ ಬೋರಲು.
'ಗುಂಡಿ ಒತ್ತಿದ್ದು ಅವಳು,
ಗುಂಡಿಗೆ ಬಿದ್ದದ್ದು ನಾನು.'
ರೊಸಾಲ್ಬಾ ಒಲೆಯ ಬಾಯಿ ನೋಡುತ್ತಿದ್ದಳು.

ಆಮೇಲೆ ತಾನೇ ಎದ್ದು, ಹಿಟ್ಟಿನ ಡಬ್ಬದ ಹಿಂದಿನಿಂದ
ಒಂದು ನೋಟ್‌ಬುಕ್ ತೆಗೆದಳು. ಪೆನ್ಸಿಲ್ಲಿನಲ್ಲಿ
ನನ್ನವೇ ಆರು ಖಾನೆ, ಸ್ಕೇಲಿಟ್ಟು ಎಳೆದದ್ದು.
ಅಂಚಿನಲ್ಲಿ ಇಕ್ಕಟ್ಟಾಗಿ ಏಳನೆಯದು.
ತಲೆಬರಹ: 'ಬಂತಾ?'
ಕೆಳಗೆ ಗೀಟು, ಗೀಟು, ಚುಕ್ಕೆ, ಗೀಟು.
ಚುಕ್ಕೆ ಅಂದರೆ ಇನ್ನೂ ಕಾಯ್ತಿದೀನಿ ಅಂತ.

ಏಳು ಜನಕ್ಕೆ ಹೊಳೆಯದ ಖಾನೆ.

ವರದಿ ಹರಿದೆ. ಅವಳ ಒಲೆಯ ಪಕ್ಕ ಕೂತು
ಹಳೆಯ ಪುಟವನ್ನೇ ಬಿಚ್ಚಿಕೊಂಡೆ.
ಪ್ರತಿ ಫಾರಮ್ಮಿಗೂ ಕಣ್ಣಿಗೆ ಕಾಣದ ಒಂದು ಸಂಖ್ಯೆ:
ಎರಡು ಸಲ ಬಂದರೂ ಒಂದೇ ಎಂದು ಎಣಿಸು.
ಜತೆಗೆ ಇಪ್ಪತ್ತು ಸಾಲಿನ ಸ್ಕ್ರಿಪ್ಟು,
ತಂತಿ ಸತ್ತಾಗ ಬರೆದದ್ದನ್ನು ಮಡಿಲಲ್ಲಿಟ್ಟುಕೊಳ್ಳುವಷ್ಟು.
ಸ್ಕ್ರಿಪ್ಟೇ ಬಾರದಿದ್ದರೆ
ಆರು ಖಾನೆ, ಗುಂಡಿ, ಎಂದಿನಂತೆ.
ನಕ್ಷೆ ಕಿತ್ತೆ. ಕುಣಿತ ಕಿತ್ತೆ.
ಅಧಿಕಾರಿಗೆ ಏನು ಹೇಳಬೇಕೋ ಆಮೇಲೆ.

ಬೆಳಿಗ್ಗೆ ಎಲಿಸೆಯೊ ಇಪ್ಪತ್ತೊಂಬತ್ತು ಪೆಟ್ಟಿಗೆ ತಂದ.
ರೊಸಾಲ್ಬಾ ಕುಟ್ಟಿದಳು, ಒತ್ತಿದಳು.
ಪುಟ ಬಿಳಿಯಾಯಿತು.
ಮೂವರೂ ಬಿಳಿಯನ್ನೇ ನೋಡುತ್ತ ನಿಂತಿದ್ದಾಗ
ಅವನು ಮೆಲ್ಲಗೆ ಕೇಳಿದ:
'ಆ ನಕ್ಷೆ... ತೆಗೆದುಬಿಟ್ಟೆಯಾ?
ಒಂದು ಸಲ ಅರ್ಧ ಬಂದಿತ್ತು.
ನಮ್ಮಪ್ಪ ಮುಳುಗುತ್ತಿದ್ದ ಕೊಲ್ಲಿ, ನೀಲಿ,
ಮೇಲಿಂದ ಹಾಗೆ ಕಾಣುತ್ತೆ ಅಂತ
ನನಗೆ ಗೊತ್ತೇ ಇರಲಿಲ್ಲ.'

ನೀರು ಕುದಿಯಿತು.
ರೊಸಾಲ್ಬಾ ಪೆನ್ಸಿಲ್ ಚೂಪು ಮಾಡಿ
ಏಳನೆಯ ಖಾನೆಯಲ್ಲಿ ಚುಕ್ಕೆಯಿಟ್ಟಳು.