ಕಲ್ಲುನೆಕ್ಕ

ಮೂರು ದಿನದ ಕಾರ್ಯಾಗಾರ. ಹಾಜರಿ ಕಡ್ಡಾಯ.
ಭದ್ರಾವತಿಯಿಂದ ಏಳೂವರೆಯ ಬಸ್ಸು ಹಿಡಿದು
ಶಿವಮೊಗ್ಗದ ಸೆಮಿನಾರ್ ಹಾಲಿನಲ್ಲಿ ಕೂತೆವು ನಲವತ್ತು ಮಂದಿ,
ಕೊರಳಿಗೆ ನಮ್ಮ ನಮ್ಮ ಹೆಸರು ಕಟ್ಟಿಕೊಂಡು,
ಇಪ್ಪತ್ತು ವರ್ಷದಿಂದ ಒಬ್ಬರಿಗೊಬ್ಬರು ಗೊತ್ತಿದ್ದರೂ.

ಹೇಳಿಕೊಡಲು ಬಂದವಳು ಶಾಹಿನಾ, ನನ್ನ ಮಗಳಿಗಿಂತ ಚಿಕ್ಕವಳು.
"ಇದು ತಿಳಿದು ಹೇಳುವುದಲ್ಲ ಸರ್,
ಮುಂದಿನ ಪದ ಯಾವುದಿದ್ದೀತು ಅಂತ
ಊಹಿಸಿ ಊಹಿಸಿ ಹೆಣೆಯುವುದು."
ಅರ್ಥಶಾಸ್ತ್ರದ ಹಾಲೇಶಪ್ಪ ನನ್ನ ಕಿವಿಯಲ್ಲಿ:
"ಹಂಗಾದ್ರೆ ನಮ್ಮ ಪ್ರಿನ್ಸಿಪಾಲರ ಭಾಷಣ."
ನಗು ತಡೆಯಲು ನೀರು ಕುಡಿದೆ.

ಸೆಲ್ವಮಣಿ ಎದ್ದು ನಿಂತರು, ದೂರು ಹೇಳಲು.
ಇಪ್ಪತ್ತಾರು ಅಸೈನ್‌ಮೆಂಟು, ಇಪ್ಪತ್ತೈದರಲ್ಲೂ
'ಬಹುಮುಖಿ ಆಯಾಮಗಳು'.
ಉಳಿದ ಒಂದರಲ್ಲಿ ಸಾಲಿಗೊಂದು ಕಾಗುಣಿತ ತಪ್ಪು.
"ಓದ್ತಾ ಓದ್ತಾ ಕಣ್ಣು ತುಂಬಿ ಬಂತಮ್ಮ,
ಪೂರ್ತಿ ಮಾರ್ಕ್ಸು ಕೊಟ್ಟುಬಿಟ್ಟೆ."

ನನ್ನಪ್ಪ ಪೇಪರ್ ಮಿಲ್ಲಿನಲ್ಲಿ ತಿರುಳು ಬೇಯಿಸಿದವರು.
ಮನೆಗೆ ಯಾವ ಹಾಳೆ ಬಂದರೂ, ಮದುವೆ ಕರೆಯೋಲೆ, ಕರೆಂಟು ಬಿಲ್ಲು,
ಓದುವ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುವರು:
ಎಲ್ಲಿ ತೆಳು, ಎಲ್ಲಿ ಗಂಟು.
ಈ ಪರದೆಗೆ ಹಿಂದಿನಿಂದಲೇ ಬೆಳಕು.
ಹಿಡಿದು ನೋಡುವುದು ಯಾವುದರ ಎದುರಿಗೆ?

ಎರಡನೆಯ ದಿನ, ಊಟಕ್ಕೆ ಮುಂಚೆ, ನಮ್ಮ ಸರದಿ.
ನಿಮ್ಮ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿ, ಎಂದಳು.
ಬೆರಳು ಅದಾಗಿಯೇ ಟೈಪಿಸಿತು:
ಭದ್ರಾ ಹೊಳೆಯ ಕಲ್ಲುನೆಕ್ಕ ಎಂಬ ಮೀನಿನ
ವೈಜ್ಞಾನಿಕ ಹೆಸರೇನು?

ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು
ಓರೆ ಅಕ್ಷರದ ಲ್ಯಾಟಿನ್ ಜೋಡಿಪದ,
ಕುಟುಂಬ, ಉದ್ದ, ಮೊಟ್ಟೆಯಿಡುವ ತಿಂಗಳು,
ಒಂದು ಸಂಶೋಧನಾ ಲೇಖನ, ಪುಟಸಂಖ್ಯೆ ಸಮೇತ.
ಅಂಥ ಮೀನಿಲ್ಲ. ಲೇಖನವಿಲ್ಲ. ಪುಟವಿಲ್ಲ.
"ಮೇಡಂ ಮಿಷನ್ನನ್ನೇ ಫೇಲ್ ಮಾಡಿದ್ರು!"
ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ,
ಅರ್ಧ.

ತೊಂಬತ್ತೇಳು. ಕೆಲಸಕ್ಕೆ ಸೇರಿ ಎಂಟು ತಿಂಗಳು.
ಹೊಳೆಹೊನ್ನೂರಿನ ಬೀರಪ್ಪ ಲ್ಯಾಬಿನ ಬಾಗಿಲಲ್ಲಿ,
ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಬೆರಳುದ್ದದ ಮೀನು.
"ನಮ್ಮ ಕಡೆ ಇದಕ್ಕೆ ಕಲ್ಲುನೆಕ್ಕ ಅಂತಾರೆ ಮೇಡಂ,
ಪುಸ್ತಕದಲ್ಲಿ ಏನಂತಾರೆ?"
ಮೂವತ್ತು ಜೊತೆ ಕಣ್ಣು ನನ್ನ ಮೇಲೆ.
ನನ್ನ ಬಾಯಿಂದಲೂ ಆ ದಿನ ಉದುರಿದ್ದು
ಎರಡು ಪದ, ಲ್ಯಾಟಿನ್ನಿನಂಥದ್ದು, ತಡೆಯಿಲ್ಲದೆ.
ಅವನು ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡ.
ಆ ವಾರ ರೆಕಾರ್ಡು ತಿದ್ದುವಾಗ
ಅದರ ಪಕ್ಕ ಕೆಂಪು ಟಿಕ್ಕು ಹಾಕಿದವಳು ನಾನೇ.

"ಗೊತ್ತಿಲ್ಲ ಅನ್ನೋದು ಇದಕ್ಕೆ ಕಷ್ಟ,"
ಶಾಹಿನಾ ವಿವರಿಸುತ್ತಿದ್ದಳು,
"ಕೇಳಿದವರನ್ನು ಬರಿಗೈಲಿ ಕಳಿಸೋ ಅಭ್ಯಾಸ ಕಮ್ಮಿ."
ಪೆನ್ನಿನ ಕ್ಯಾಪು ಹುಡುಕುವವಳಂತೆ
ಮೇಜಿನ ಕೆಳಗೆ ಬಗ್ಗಿದೆ.

ಮೂರನೆಯ ದಿನ ಎಲ್ಲರೂ ಒಂದೊಂದು ಪಾಠಯೋಜನೆ ಕೊಡಬೇಕು.
ಹಾಲೇಶಪ್ಪನದು ಹನ್ನೊಂದು ಪುಟ, ಅದರದೇ ಕೈಚಳಕ,
'ಬಹುಮುಖಿ ಆಯಾಮಗಳು' ಎರಡು ಸಲ.
ನನ್ನದು ಆರು ಸಾಲು:
ನವೆಂಬರಿನಲ್ಲಿ, ನೀರಿಳಿದ ಮೇಲೆ, ಹೊಳೆಗೆ ಹೋಗುವುದು.
ಒಂದು ಮೀನು ನೋಡುವುದು, ಮತ್ತೆ ನೀರಿಗೆ ಬಿಡುವುದು.
ಹೆಸರನ್ನು ಮೊದಲು ಬಲೆ ಹಾಕುವವರಲ್ಲಿ ಕೇಳುವುದು,
ಆಮೇಲೆ ಯಂತ್ರದಲ್ಲಿ, ಕೊನೆಗೆ ನನ್ನಲ್ಲಿ.
ಯಾರು ಎಲ್ಲಿ ತಪ್ಪಿದರೆಂದು ರೆಕಾರ್ಡಿನಲ್ಲಿ ಬರೆಯುವುದು.
ಹತ್ತು ಅಂಕ.
"ನೀವ್ಯಾಕೆ ಕೊನೆಗೆ ಮೇಡಂ?" ಎಂದಳು ಶಾಹಿನಾ.
ಬಸ್ಸಿಗೆ ಹೊತ್ತಾಯಿತೆಂದೆ.

ಬಸ್ಸಿನಲ್ಲಿ ಹಾಲೇಶಪ್ಪ:
"ಅಲ್ಲ, ಆ ಮೀನು ನಿಜವಾಗಿ ಯಾವ್ದು?"
"ಗೊತ್ತಿಲ್ಲ," ಅಂದೆ.
ಹಲ್ಲಿಗೆ ಸಿಕ್ಕಿದ ಮುಳ್ಳಿನ ಹಾಗಿತ್ತು ಆ ಪದ,
ಆದರೂ ಹೊರಬಂತು.

ಕಂಡಕ್ಟರ್ ಹರಿದುಕೊಟ್ಟ ಶೂನ್ಯ ರೂಪಾಯಿಯ ಟಿಕೆಟ್ಟು.
ಅದರ ಬೆನ್ನಿಗೆ ಕುಲುಕಾಟದಲ್ಲೇ ಬರೆದೆ:
ಬೀರಪ್ಪ. ತೊಂಬತ್ತೇಳರ ಬ್ಯಾಚು. ಹೊಳೆಹೊನ್ನೂರು.
ಫೋನ್ ನಂಬರು ಯಾರ ಹತ್ತಿರ ಇದ್ದೀತು?