ಒಂಬತ್ತು ಸೆಕೆಂಡು

ದುರ್ಗಿಗುಡಿಯ ತಿರುವಿನಲ್ಲಿ, ಮೆಟ್ಟಿಲ ಕೆಳಗೆ,
ಜೆರಾಕ್ಸು, ಲ್ಯಾಮಿನೇಷನ್ನು, 'ಸಿಡಿ ಸುಟ್ಟುಕೊಡಲಾಗುತ್ತದೆ'.
ಬೋರ್ಡು ಬರೆದವನಿಗೆ ಆ ಮಾತಿನ ಮೇಲೆ ಅನುಮಾನ ಬಂದು
ಪಕ್ಕದಲ್ಲೊಂದು ಪುಟ್ಟ ಬೆಂಕಿಯನ್ನೂ ಬರೆದುಕೊಟ್ಟಿದ್ದ.

ನನ್ನ ಕಂಪ್ಯೂಟರಿನಲ್ಲಿ ಸುಡುವವರು ಮೂವರು.
ಮೊದಲನೆಯವನು ಬಣ್ಣದವನು. ಮೂವತ್ತು ದಿನ ಪುಕ್ಕಟೆ,
ಆಮೇಲೆ ಬಡ್ಡಿ ಕೇಳಲು ಬಂದವನ ಹಾಗೆ ಬಾಗಿಲಲ್ಲೇ.
ನಾನೋ, ತಾರೀಖು ಹಿಂದಕ್ಕೆ ತಿರುಗಿಸಿ ತಿರುಗಿಸಿ
ಎರಡು ವರ್ಷದಿಂದ ಅವನನ್ನು ಒಂದೇ ಮಾರ್ಚ್ ತಿಂಗಳಲ್ಲಿ ಕೂರಿಸಿದ್ದೆ.

ಎರಡನೆಯವನು ಡ್ರೈವಿನ ಡಬ್ಬದ ಜೊತೆಗೇ ಬಂದವನು.
ಫೈಲು ಕೊಟ್ಟರೆ ಗೋಣಿಗೆ ತುಂಬುತ್ತಾನೆ,
ಹಾಡು ಕೊಟ್ಟರೂ ಗೋಣಿಗೇ ತುಂಬುತ್ತಾನೆ.
ಮನೆಯ ಪ್ಲೇಯರು ಆ ಗೋಣಿಯ ಬಾಯಿ ಬಿಚ್ಚಲಾರದು.

ಮೂರನೆಯವನು ಬೂದುಬಣ್ಣ. ದುಡ್ಡಿಲ್ಲ, ಅಲಂಕಾರವಿಲ್ಲ,
ಬರೀ ಪ್ರಶ್ನೆ ಕೇಳುತ್ತಾನೆ.
ಗಿರಾಕಿ ನಿಂತಿರುವಾಗ ಅಂಥವನನ್ನು ಯಾರು ಕರೆಯುತ್ತಾರೆ?

ಸೆವ್ರಿನ್ ಟೀಚರ್ ಬಂದರು, ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ
ಹನ್ನೊಂದು ಕ್ಯಾಸೆಟ್ಟು.
ಶೀಘ್ರಲಿಪಿಯ ಉಕ್ತಲೇಖನ, ಅವರದೇ ದನಿ:
ನಿಮಿಷಕ್ಕೆ ಅರವತ್ತು ಪದ, ಎಂಬತ್ತು, ನೂರು, ನೂರಿಪ್ಪತ್ತು.
'ಟೇಪು ಎಳೀತಿದೆ ಮಾರಾಯ, ಎಂಬತ್ತರದ್ದು ಎಪ್ಪತ್ತಾಗಿದೆ.
ಇಲ್ಲಿ ಗೆದ್ದ ಹುಡುಗ್ರು ಪರೀಕ್ಷೇಲಿ ಬೀಳ್ತಾರೆ.'

ವೈರು ಸಿಕ್ಕಿಸಿ ಒಳಗೆಳೆದುಕೊಂಡೆ. ವೇಗ ನಾನು ಏರಿಸುತ್ತ ಹೋದೆ,
ಕೈಗಡಿಯಾರ ಹಿಡಿದು ಅವರು ಪದ ಎಣಿಸಿದರು,
ತುಟಿ ಮಾತ್ರ ಅಲ್ಲಾಡಿಸುತ್ತ.
ಆಮೇಲೆ, ಅಭ್ಯಾಸಬಲ, ಬಣ್ಣದವನನ್ನೇ ಕರೆದೆ.

ಮೌನ ಕಂಡಲ್ಲಿ ಹಾಡು ಮುಗಿಯಿತೆಂದು ಅವನು ಕತ್ತರಿಸಿದ.
'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ',
ಇಲ್ಲಿಗೆ ಒಂದು ಹಾಡು.
'ಅವಗಾಹನೆಗೆ ತರಬಯಸುವುದೇನೆಂದರೆ',
ಇದು ಇನ್ನೊಂದು.
ನಡುವೆ ತನ್ನ ಲೆಕ್ಕದ ಎರಡು ಸೆಕೆಂಡು, ಕೇಳದೆಯೇ.

ಟೀಚರ್ ತಲೆಯಾಡಿಸಿದರು. 'ಅಲ್ಲಿದ್ದದ್ದು ಒಂಬತ್ತು.'
'ಎಲ್ಲಿ?'
'ತಮ್ಮ, ಆದ್ಮೇಲೆ. ಒಂಬತ್ತು ಸೆಕೆಂಡು ಸುಮ್ಮನಿದ್ದೆ.'
ತಪ್ಪಾಗಿದ್ದರೆ ಕಿತ್ತುಹಾಕಲೇ ಎಂದೆ.
'ಕಿತ್ತರೆ ನಿನ್ನ ಕೈ ಕೀಳ್ತೀನಿ. ಇಪ್ಪತ್ತು ವರ್ಷದಿಂದ
ನನ್ನ ಹುಡುಗ್ರು ಪೆನ್ಸಿಲ್ ಬದಲಾಯಿಸ್ತಿರೋದೇ ಅಲ್ಲಿ.'

ಹೆಡ್‌ಫೋನು ಹಾಕಿ, ದನಿ ಪೂರ್ತಿ ಏರಿಸಿ ಕೇಳಿದೆ.
ತಮ್ಮ. ಕುರ್ಚಿ ಸರಿದದ್ದು. ಬರಿಗಾಲ ಓಟ.
ದೂರದಲ್ಲಿ ಕೊಡವೊಂದು ಸಿಮೆಂಟಿಗೆ ತಾಗಿದ ಸದ್ದು,
ತಳಕ್ಕೆ ಧಾರೆ ಬಿದ್ದ ಸದ್ದು.
ಮತ್ತೆ ಓಟ. ಅವಗಾಹನೆಗೆ.

'ನಲ್ಲಿ ಬಂತು,' ಅಂದರು ಟೀಚರ್. 'ಮೂರು ದಿನದ ಮೇಲೆ.
ಹೊಸ ಕ್ಯಾಸೆಟ್ಟಿಗೆ ದುಡ್ಡೆಲ್ಲಿತ್ತು?'

ಬೂದುಬಣ್ಣದವನನ್ನು ಕರೆದೆ.
ತುಣುಕುಗಳ ನಡುವೆ ಎಷ್ಟು ಅಂತರವಿಡಲಿ, ಕೇಳಿದ. ಸೊನ್ನೆ.
ಯಾವ ವೇಗ? ನಾಲ್ಕು ಸಾಕು, ಅವಸರವಿಲ್ಲ.
ಮೌನ ಸಿಕ್ಕರೆ ಏನು ಮಾಡಲಿ?
ಈ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ
ಯಾರೂ ಕೇಳಿರದ ಪ್ರಶ್ನೆ. ಇದ್ದಂತೇ ಬಿಡು, ಎಂದು ಒತ್ತಿದೆ.

ಎಪ್ಪತ್ತನೇ ಶೇಕಡಾಕ್ಕೆ ಮೆಸ್ಕಾಂನವರು ಕರೆಂಟು ತೆಗೆದರು.
ಆ ಸಿಡಿ ಟೀ ಲೋಟದ ಅಡಿಗೆ ಹೋಯಿತು.
ಟೀಚರ್ ಎದ್ದು ಹೋಗಲಿಲ್ಲ. ಕತ್ತಲಲ್ಲೇ ಕೂತು
ನನ್ನ ಬಿಲ್ಲುಪುಸ್ತಕದ ಮೇಲೆ ಏನೋ ಗೀಚುತ್ತಿದ್ದರು.

ಎರಡನೆಯದು ಬಿಸಿಯಾಗಿ ಹೊರಬಂತು.
ಕೊನೆಯ ಪ್ರಶ್ನೆ: ಇದನ್ನು ಮುಚ್ಚಲೇ,
ಮುಂದೆ ತುಂಬಲು ತೆರೆದಿಡಲೇ?
'ಮುಚ್ಚು. ತೆರೆದಿಟ್ರೆ ಹುಡುಗ್ರು ಸಿನಿಮಾ ಹಾಡು ತುಂಬ್ತಾರೆ.'

ಮೂವತ್ತು ರೂಪಾಯಿ ಎಂದೆ, ಇಪ್ಪತ್ತೈದು ಕೊಟ್ಟರು.
ಮಾರ್ಕರು ಇಸಿದುಕೊಂಡು ಸಿಡಿಯ ಬೆನ್ನಿಗೆ
ಒಂದು ಬಾಗಿದ ಗೆರೆ ಎಳೆದರು, ಒಂದು ಚುಕ್ಕೆ ಇಟ್ಟರು.
ಏನು ಬರೆದಿರಿ ಎಂದು ಕೇಳಿದೆ.

'ಕಲಿಯೋಕೆ ಬಾ, ಸಂಜೆ ಆರಕ್ಕೆ.
ತಿಂಗಳಿಗೆ ನೂರೈವತ್ತು.'