ವಿಶೇಷ ಉಂಟಾ?

ನಾಲ್ಕು ವರ್ಷ ಒಂದೇ ಚೀಟಿ.
ಮಡಿಕೆಯಲ್ಲಿ ಹರಿದದ್ದಕ್ಕೆ
ಟೇಪು ಅಂಟಿಸಿ ಕೊಟ್ಟದ್ದೂ ನಾನೇ.
ಪ್ರತಿ ಏಳನೇ ತಾರೀಕು, ಸಂಬಳದ ಮರುದಿನ,
ಕಾವೂರಿನ ಗೇರುಬೀಜದ ಕಾರ್ಖಾನೆ ಬಿಟ್ಟ ಮೇಲೆ
ಹರಿಣಾಕ್ಷಿ ಬರುತ್ತಿದ್ದಳು.
ಸಿಪ್ಪೆಯ ಎಣ್ಣೆ ಕುಡಿದು ಕಪ್ಪಾದ ಬೆರಳು.
ಅವಳು ಕೊಟ್ಟ ನೋಟನ್ನು ಗಲ್ಲದ ನೂರು ನೋಟುಗಳ ನಡುವೆಯೂ
ಗುರುತು ಹಿಡಿಯಬಹುದಿತ್ತು.

‘ಅದೇ ಅಲ್ವಾ?’
‘ಅದೇ.’
ಟೆಲ್ಮಿಸಾರ್ಟನ್ ನಲವತ್ತು, ಮೂರು ಶೀಟು.
ಮದುವೆಯಾಗಿ ಹದಿನೇಳು ವರ್ಷ, ಮಕ್ಕಳಿಲ್ಲ,
ಊರಿಗೇ ಗೊತ್ತಿತ್ತು.
ಊರಿಗೆ ಗೊತ್ತಿರುವುದನ್ನು ನಾನು ಯಾಕೆ ಕೇಳಲಿ?

ಆಟಿ ತಿಂಗಳಲ್ಲಿ ಹೊಸ ಚೀಟಿ ತಂದಳು,
ಡಾಕ್ಟರ್ ಐರಿನ್ ತಾವ್ರೊ ಅವರ ಉರುಟು ಅಕ್ಷರ.
ಲ್ಯಾಬೆಟಲಾಲ್. ಫೋಲಿಕ್ ಆಸಿಡ್.
ಓದಿದ ಕೂಡಲೇ ತಿಳಿಯಿತು ನನಗೆ,
ಅವಳ ಗಂಡನಿಗಿಂತ ಮೊದಲು.
ಹನ್ನೊಂದು ವಾರವಂತೆ.
ಮುಟ್ಟು ನಿಲ್ಲುವ ಪ್ರಾಯ ಅಂದುಕೊಂಡಿದ್ದಳಂತೆ.

ಆ ರಾತ್ರಿ ಹಳೆಯ ಗುಳಿಗೆಯ ಪೆಟ್ಟಿಗೆಯಿಂದ
ಈರುಳ್ಳಿ ಸಿಪ್ಪೆಯಂಥ ಕಾಗದ ಎಳೆದು ಬಿಡಿಸಿದೆ.
ಇಪ್ಪತ್ತೆರಡು ವರ್ಷದ ಅಂಗಡಿಯಲ್ಲಿ ಮೊದಲ ಸಲ.
ಇರುವೆ ಸಾಲಿನ ಹಾಗೆ ಬರೆದಿತ್ತು:
ಗರ್ಭಿಣಿಯರಿಗೆ ಸಲ್ಲದು;
ತಿನ್ನುತ್ತಾ ಹೋದರೆ ಮಗುವಿನ ಮೂತ್ರಪಿಂಡ,
ಮಗು ತೇಲುವ ನೀರು...
ಬೇಗ ಗೊತ್ತಾಯಿತು, ಬದಲಿಸಿದ್ದೇವೆ, ಹೆದರಬೇಡ
ಎಂದಿದ್ದರಂತೆ ಡಾಕ್ಟರಮ್ಮ.
ನನಗೆ ಯಾರೂ ಹಾಗೆ ಹೇಳಿರಲಿಲ್ಲ.
ಎಪ್ಪತ್ತೇಳು ದಿನ. ಎಪ್ಪತ್ತೇಳು ಗುಳಿಗೆ. ಈ ಕೈ.

ಹೊಸದು ದಿನಕ್ಕೆ ಎರಡು. ಇಪ್ಪತ್ತು ಕೊಟ್ಟಿದ್ದೆ.
ಹತ್ತನೇ ದಿನ ಬರಲಿಲ್ಲ.
ಹನ್ನೊಂದು. ಹನ್ನೆರಡು.
ಹದಿಮೂರಕ್ಕೆ ಹುಡುಗನನ್ನು ಅಂಗಡಿಯಲ್ಲಿ ಕೂರಿಸಿ
ಕಾರ್ಖಾನೆಯ ಗೇಟಿಗೆ ಹೋದೆ.
ಮುನ್ನೂರು ಹೆಂಗಸರು ಹೊರಗೆ ಬರುವಾಗ
ಒಬ್ಬ ಗಂಡಸು ಕೊಡೆ ಹಿಡಿದು ಕಾಯುವುದು ಹೇಗೆಂದು
ನಿಂತವನಿಗೇ ಗೊತ್ತು.

‘ಅದೂ ಬಿಪಿಯದ್ದೇ, ಇದೂ ಬಿಪಿಯದ್ದೇ.
ಅದು ಆಗದಿದ್ರೆ ಇದು ಹ್ಯಾಗೆ ಆಗ್ತದೆ ಸಾಹೇಬ್ರೇ?
ಕಾಫಿ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ.
ನನ್ನ ತಲೆ ಸಿಡಿದರೆ ಸಿಡಿಯಲಿ.’

ಏನು ಹೇಳುವುದು? ನಾನು ಡಾಕ್ಟರಲ್ಲ.
ಒಳಗಿನಿಂದ ಹುರಿದ ಬೀಜದ ಹೊಗೆ ಬರುತ್ತಿತ್ತು.
‘ಬೆಂಕಿ ಜಾಸ್ತಿಯಾದರೆ
ಸಿಪ್ಪೆ ಮಾತ್ರ ಸುಡ್ತದಾ ಹರಿಣಾಕ್ಷಿ?’ ಎಂದೆ.

ಅವಳು ಕಣ್ಣುಜ್ಜಿಕೊಂಡಳು.
ಎರಡು ದಿನದಿಂದ ಕಣ್ಣಮುಂದೆ ಮಿಂಚುಹುಳ ಎಂದಳು.

ಅಂಗಡಿಯಲ್ಲಿ ತೋಳಿಗೆ ಪಟ್ಟಿ ಸುತ್ತಿದೆ.
ನೂರ ಎಪ್ಪತ್ತು, ಕೆಳಗಿನದ್ದು ನೂರ ಹತ್ತು.
ಹುಡುಗ ರಿಕ್ಷಾ ತರಲು ಓಡಿದ,
ಚಪ್ಪಲಿ ಅಂಗಡಿಯಲ್ಲೇ ಬಿಟ್ಟು.

ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು.

ಸೋಣ ಕಳೆದು ಒಂದು ಸಂಜೆ
ಸ್ಕ್ಯಾನಿನ ಚಿತ್ರ ಗಾಜಿನ ಮೇಲೆ ಹರಡಿದಳು.
‘ನೀರು ಬೇಕಾದಷ್ಟು ಉಂಟಂತೆ.
ಒಳಗೇ ಉಚ್ಚೆ ಹೊಯ್ತದಂತೆ, ನಾಚಿಕೆ ಇಲ್ಲದ್ದು!’
ಮಗು ಶಾಲೆಗೇ ಫಸ್ಟ್ ಬಂದ ಹಾಗಿತ್ತು ಮುಖ.
‘ಇಗೊಳ್ಳಿ, ಇದೊಂದು, ಇದೊಂದು.’
ಕಪ್ಪು ಬೆರಳು ಇಟ್ಟಲ್ಲಿ ನನಗೆ ಬರೀ ಮಂಜು.
ಅವಳು ಮಾತ್ರ, ದಿನಕ್ಕೆ ಸಾವಿರ ಸಲ
ಇಡಿಯದ್ದು ಒಡೆದದ್ದು ಬೇರೆ ಮಾಡುವವಳು,
‘ಎರಡೂ ಇಡಿ ಬೀಜ’ ಎಂದಳು.

ಇನ್ನೂ ನಾಲ್ಕು ತಿಂಗಳು ಉಂಟು.
ನಾನು ಮುಂದಿನ ಇಪ್ಪತ್ತು ಗುಳಿಗೆ ಎಣಿಸಿದೆ,
ಎರಡು ಸಲ.

ಈಗ ಬಿಪಿಯ ಚೀಟಿ ತಂದ ಹೆಂಗಸರನ್ನೆಲ್ಲ
ಮುಖ ನೋಡದೆ, ಶೀಟು ಕತ್ತರಿಸುತ್ತಾ ಕೇಳುತ್ತೇನೆ,
‘ವಿಶೇಷ ಏನಾದರೂ ಉಂಟಾ?’
ಒಬ್ಬಳು ಸಿಟ್ಟಾದಳು. ಒಬ್ಬಳು ಬೇರೆ ಅಂಗಡಿಗೆ ಹೋದಳು.
ನಿನ್ನೆ ರಿಟೈರ್ಡ್ ಟೀಚರ್ ಲಿಲ್ಲಿ ಬಾಯಿ,
ಪ್ರಾಯ ಅರವತ್ತಾರು,
ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕರು.
‘ಇದಿನಬ್ಬ, ನಿನಗೆ ಮರುಳಾ?’

ನಗಲಿ ಎಂದು
ಚಿಲ್ಲರೆ ಎಣಿಸಿ ಕೊಟ್ಟೆ.